ಸೋಪು ಕೇಳಿದ್ದಕ್ಕೆ ದೇಶದ್ರೋಹಿ ಪಟ್ಟ: ಪತ್ರಿಕೆಗಳು ಕೇಳದ ಪ್ರಶ್ನೆ ಕೇಳಿದ ಎಮಿಲಿ ಹಾಬ್‌ಹೌಸ್

ಯುದ್ಧ ನಡೆಯುವಾಗ ಸರ್ಕಾರವನ್ನು ಪ್ರಶ್ನೆ ಮಾಡಬಾರದು ಅನ್ನೋ ಮಾತು ಇವತ್ತಿನದಲ್ಲ. ಸುಮಾರು 125 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲೂ ಇದೇ ಮಾತು ಓಡಾಡುತ್ತಿತ್ತು. ಆಗ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಬೋಯರ್ ಎಂದು ಕರೆಯುವ ಡಚ್ ಮೂಲದ ರೈತರಿಗೂ ಯುದ್ಧ ನಡೆದಿತ್ತು. ಲಂಡನ್ ಪತ್ರಿಕೆಗಳಲ್ಲಿ ದಿನಾ ಗೆಲುವಿನ ಸುದ್ದಿ. ಅದೇ ಹೊತ್ತಿಗೆ ಬ್ರಿಟಿಷ್ ಸೇನೆಯ ಶಿಬಿರಗಳಲ್ಲಿ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು. ಆ ಸುದ್ದಿ ಮಾತ್ರ ಬಹುತೇಕ ಪತ್ರಿಕೆಗಳಲ್ಲಿ ಇರಲಿಲ್ಲ.

ಅದನ್ನು ಹೊರಗೆ ತಂದವರು ಪತ್ರಕರ್ತರಲ್ಲ, ಸಂಸದರೂ ಅಲ್ಲ. 40 ವರ್ಷದ ಒಬ್ಬ ಅವಿವಾಹಿತ ಮಹಿಳೆ, ಹಳ್ಳಿಯ ಪಾದ್ರಿಯ ಮಗಳು. ಹೆಸರು ಎಮಿಲಿ ಹಾಬ್‌ಹೌಸ್. ಮುಂದೆ ನಮ್ಮ ಗಾಂಧೀಜಿಗೂ ನೆರವಾದ ಈಕೆಯ ಬದುಕನ್ನು ಇವತ್ತು ಓದುವುದರಲ್ಲಿ ಅರ್ಥವಿದೆ.

ಹಳ್ಳಿಯ ಮನೆಯಲ್ಲಿ ಕಳೆದ 35 ವರ್ಷ

ಎಮಿಲಿ ಹುಟ್ಟಿದ್ದು 1860ರ ಏಪ್ರಿಲ್ 9ರಂದು, ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯ ಸೇಂಟ್ ಈವ್ ಎಂಬ ಹಳ್ಳಿಯಲ್ಲಿ. ತಂದೆ ರೆಜಿನಾಲ್ಡ್ ಅಲ್ಲಿನ ಚರ್ಚಿನ ಪಾದ್ರಿ. ಚಿಕ್ಕಪ್ಪ ಆರ್ಥರ್ ಹಾಬ್‌ಹೌಸ್ 1872ರಿಂದ 1877ರವರೆಗೆ ಭಾರತದಲ್ಲಿ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯರಾಗಿದ್ದವರು. ತಮ್ಮ ಲಿಯೊನಾರ್ಡ್ ಮುಂದೆ ದೊಡ್ಡ ಸಮಾಜಶಾಸ್ತ್ರಜ್ಞನಾದ. ಮನೆಯ ಗಂಡಸರೆಲ್ಲ ಓದಿ ಮೇಲೆ ಬಂದರು. ಎಮಿಲಿಗೆ ಮಾತ್ರ ಕಾಲೇಜಿನ ಬಾಗಿಲು ತೆರೆಯಲಿಲ್ಲ. ತಾಯಿ ತೀರಿಕೊಂಡಾಗ ವಯಸ್ಸು 20. ಅಲ್ಲಿಂದ ಮುಂದೆ 14 ವರ್ಷ ಕಾಯಿಲೆಯ ತಂದೆಯನ್ನು ನೋಡಿಕೊಳ್ಳುವುದೇ ಕೆಲಸ.

1895ರಲ್ಲಿ ತಂದೆ ತೀರಿಕೊಂಡರು. ಎಮಿಲಿ ಮನೆ ಬಿಟ್ಟು ಸೀದಾ ಅಮೆರಿಕಕ್ಕೆ ಹೊರಟರು. ಮಿನ್ನೆಸೋಟ ರಾಜ್ಯದ ಗಣಿ ಊರೊಂದರಲ್ಲಿ ಕಾರ್ನ್‌ವಾಲಿನಿಂದ ವಲಸೆ ಹೋಗಿದ್ದ ಕಾರ್ಮಿಕರ ನಡುವೆ ಸಮಾಜಸೇವೆಗೆ ನಿಂತರು. ಅಲ್ಲೇ ಒಬ್ಬ ವ್ಯಾಪಾರಿಯ ಜೊತೆ ಮದುವೆ ನಿಶ್ಚಯವಾಯಿತು. ಇಬ್ಬರೂ ಸೇರಿ ಮೆಕ್ಸಿಕೋದಲ್ಲಿ ಜಮೀನು ತೆಗೆದುಕೊಂಡರು. ಆ ವ್ಯವಹಾರ ಕೈಕೊಟ್ಟಿತು, ಎಮಿಲಿಯ ಹಣ ಹೋಯಿತು, ಮದುವೆಯೂ ಮುರಿಯಿತು. 1898ರಲ್ಲಿ ಬರಿಗೈಲಿ ಇಂಗ್ಲೆಂಡಿಗೆ ವಾಪಸ್ ಬಂದರು. ಮರುವರ್ಷವೇ ಯುದ್ಧ ಶುರು.

ಚಿನ್ನದ ನೆಲ, ಬಿಸಿ ಬಿಸಿ ಸುದ್ದಿ

1899ರ ಅಕ್ಟೋಬರ್ 11ರಂದು ಬೋಯರ್ ಯುದ್ಧ ಆರಂಭವಾಯಿತು. ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಸಣ್ಣ ಬೋಯರ್ ಗಣರಾಜ್ಯಗಳು ಒಂದು ಕಡೆ, ಬ್ರಿಟಿಷ್ ಸಾಮ್ರಾಜ್ಯ ಇನ್ನೊಂದು ಕಡೆ. ಟ್ರಾನ್ಸ್‌ವಾಲ್ ನೆಲದಡಿ ಚಿನ್ನದ ಗಣಿ ಇತ್ತು ಅನ್ನೋದನ್ನು ಮರೆಯುವಂತಿಲ್ಲ.

ಲಂಡನ್ ಪತ್ರಿಕೆಗಳಿಗೆ ಇದು ಸುಗ್ಗಿ ಕಾಲ. 1896ರಲ್ಲಿ ಶುರುವಾಗಿದ್ದ ಡೈಲಿ ಮೇಲ್ ಅರ್ಧ ಪೆನ್ನಿಗೆ ಸಿಗುತ್ತಿದ್ದ ಅಗ್ಗದ ಪತ್ರಿಕೆ. ಯುದ್ಧದ ಕಾಲದಲ್ಲಿ ಅದರ ಪ್ರಸಾರ ಹತ್ತು ಲಕ್ಷ ಮುಟ್ಟಿತು. ಜನಕ್ಕೆ ಗೆಲುವಿನ ಸುದ್ದಿ ಬೇಕು, ಪತ್ರಿಕೆಗೆ ಗಿರಾಕಿ ಬೇಕು. ಮಾಲು ಯಾವುದು ಓಡುತ್ತದೋ ಅದನ್ನೇ ಅಂಗಡಿ ಮುಂದೆ ಜೋಡಿಸುತ್ತಾರಲ್ಲ, ಹಾಗೆ. 1900ರ ಮೇ ತಿಂಗಳಲ್ಲಿ ಮಾಫೆಕಿಂಗ್ ಎಂಬ ಊರಿನ ಮುತ್ತಿಗೆ ತೆರವಾದ ಸುದ್ದಿ ಬಂದಾಗ ಲಂಡನ್ ಬೀದಿಗಳಲ್ಲಿ ಜಾತ್ರೆಯೇ ನಡೆಯಿತು.

ಹಾಗಾದರೆ ಪತ್ರಿಕೆಗಳಿಗೆ ಸುದ್ದಿ ಎಲ್ಲಿಂದ ಬರುತ್ತಿತ್ತು? ಇಲ್ಲೇ ಇರೋದು ವಿಷಯ. ಯುದ್ಧಭೂಮಿಯಿಂದ ಹೊರಡುವ ತಂತಿಗಳೆಲ್ಲ ಸೇನೆಯ ಸೆನ್ಸಾರ್ ಅಧಿಕಾರಿಯ ಕೈ ದಾಟಿ ಬರಬೇಕಿತ್ತು. ಯುದ್ಧಕ್ಕೆ ಮೊದಲಿನ ಸುದ್ದಿಯ ಕಥೆ ಇನ್ನೂ ಸ್ವಾರಸ್ಯ. ಮೊನಿಪೆನ್ನಿ ಎಂಬಾತ ಜೋಹಾನ್ಸ್‌ಬರ್ಗಿನ ಸ್ಟಾರ್ ಪತ್ರಿಕೆಯ ಸಂಪಾದಕ. ಅದು ಗಣಿ ಧಣಿಗಳ ಹಿಡಿತದಲ್ಲಿದ್ದ ಪತ್ರಿಕೆ. ಅದೇ ಮೊನಿಪೆನ್ನಿ ಲಂಡನ್ನಿನ ಟೈಮ್ಸ್ ಪತ್ರಿಕೆಗೂ ವರದಿಗಾರ. ಅಂದರೆ ಯುದ್ಧದಿಂದ ಲಾಭ ಆಗುವವರ ಪತ್ರಿಕೆ ನಡೆಸುವ ವ್ಯಕ್ತಿಯೇ ಲಂಡನ್ನಿಗೂ ಸುದ್ದಿ ಕಳಿಸುತ್ತಿದ್ದ. ಇದನ್ನು ಗುರುತಿಸಿದವರು ಅರ್ಥಶಾಸ್ತ್ರಜ್ಞ ಜೆ. ಎ. ಹಾಬ್ಸನ್. ಅವರು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಪರವಾಗಿ ಯುದ್ಧದ ಮುಂಚೆಯೇ ಅಲ್ಲಿಗೆ ಹೋಗಿ ನೋಡಿಬಂದಿದ್ದರು. ಒಂದೇ ಬಾವಿಯ ನೀರು ಹತ್ತು ನಲ್ಲಿಯಲ್ಲಿ ಬಂದರೆ ಹತ್ತು ಬಾವಿ ಇವೆ ಅಂತ ಅಂದುಕೊಳ್ಳುವುದು ತಪ್ಪು ಅನ್ನೋದು ಅವರ ವಾದದ ಸಾರ.

ಎದುರು ಮಾತಾಡಿದ ಸಂಪಾದಕರಿಗೆ ಏನಾಯ್ತು ಅನ್ನೋದನ್ನೂ ನೋಡಿ. ಡೈಲಿ ಕ್ರಾನಿಕಲ್ ಸಂಪಾದಕ ಮ್ಯಾಸಿಂಗ್‌ಹ್ಯಾಮ್ ಯುದ್ಧವನ್ನು ವಿರೋಧಿಸಿದ್ದಕ್ಕೆ 1899ರ ನವೆಂಬರಿನಲ್ಲೇ ಕುರ್ಚಿ ಬಿಡಬೇಕಾಯಿತು. ಮ್ಯಾಂಚೆಸ್ಟರ್ ಗಾರ್ಡಿಯನ್ ಸಂಪಾದಕ ಸಿ. ಪಿ. ಸ್ಕಾಟ್ ಹಟ ಬಿಡಲಿಲ್ಲ. ಪತ್ರಿಕೆಯ ಪ್ರಸಾರ ಕುಸಿಯಿತು, ಅವರ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಎಮಿಲಿಯ ತಮ್ಮ ಲಿಯೊನಾರ್ಡ್ ಆಗ ಆ ಪತ್ರಿಕೆಗೇ ಸಂಪಾದಕೀಯ ಬರೆಯುತ್ತಿದ್ದ. ಬೆರಳೆಣಿಕೆಯ ಇಂಥ ಪತ್ರಿಕೆಗಳನ್ನು ಬಿಟ್ಟರೆ ಉಳಿದವೆಲ್ಲ ಸರ್ಕಾರದ ರಾಗಕ್ಕೆ ತಾಳ ಹಾಕಿದವು.

ಎಮಿಲಿ ಮೊದಲು ಯುದ್ಧ ವಿರೋಧಿ ಸಮಿತಿಯೊಂದರ ಮಹಿಳಾ ಶಾಖೆಯ ಕಾರ್ಯದರ್ಶಿಯಾದರು. 1900ರ ಜೂನ್‌ನಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಹೆಂಗಸರದ್ದೇ ಒಂದು ದೊಡ್ಡ ಪ್ರತಿಭಟನಾ ಸಭೆ ನಡೆಸಿದರು. ಜುಲೈನಲ್ಲಿ ತಮ್ಮ ಊರಿಗೆ ಹತ್ತಿರದ ಲಿಸ್ಕರ್ಡ್ ಪಟ್ಟಣದಲ್ಲಿ ಲಾಯ್ಡ್ ಜಾರ್ಜ್ ಅವರನ್ನು ಕರೆಸಿ ಸಭೆ ಮಾಡಿಸಿದರು. ಗುಂಪು ನುಗ್ಗಿ ಗಲಾಟೆ ಎಬ್ಬಿಸಿ ಸಭೆ ನಡೆಯದ ಹಾಗೆ ಮಾಡಿತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದವರಿಗೇ ಆ ದಿನ ಬಾಯಿ ಬಿಡಲು ಆಗಲಿಲ್ಲ.

ಸುಟ್ಟ ಮನೆ, ಡೇರೆಯ ಬಾಳು

ಬೋಯರ್ ಸೈನಿಕರು ಎದುರಿಗೆ ನಿಂತು ಕಾದಾಡುವುದನ್ನು ಬಿಟ್ಟು ಗೆರಿಲ್ಲಾ ಯುದ್ಧಕ್ಕೆ ಇಳಿದರು. ಹಗಲು ಹೊಲ, ರಾತ್ರಿ ಕುದುರೆ. ಬ್ರಿಟಿಷ್ ಸೇನಾಧಿಪತಿ ಲಾರ್ಡ್ ಕಿಚನರ್ ಇದಕ್ಕೆ ದೊಡ್ಡ ಪ್ರಮಾಣದಲ್ಲಿ ಬಳಸಿದ ಉಪಾಯ ಬೆಂಕಿ. ಮುಂದೆ 1902ರಲ್ಲಿ ಭಾರತದ ಸೇನಾ ಮುಖ್ಯಸ್ಥನಾಗಿ ಬಂದವರು ಇದೇ ಕಿಚನರ್. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 30 ಸಾವಿರ ತೋಟದ ಮನೆಗಳನ್ನು ಸುಡಲಾಗಿತ್ತು. ಬೆಳೆ ಸುಟ್ಟರು, ದನಕುರಿ ಕೊಂದರು. ಮನೆಯಲ್ಲಿದ್ದ ಹೆಂಗಸರು, ಮಕ್ಕಳು, ಮುದುಕರನ್ನು ಗಾಡಿ, ರೈಲುಗಳಲ್ಲಿ ತುಂಬಿ ಬಯಲಿನ ಡೇರೆಗಳಿಗೆ ತಂದು ಬಿಟ್ಟರು. ಇವೇ ಕಾನ್ಸಂಟ್ರೇಶನ್ ಕ್ಯಾಂಪುಗಳು.

ಸರ್ಕಾರ ಇವನ್ನು ನಿರಾಶ್ರಿತರ ಶಿಬಿರ ಎಂದು ಕರೆಯಿತು. ಪತ್ರಿಕೆಗಳೂ ಅದೇ ಪದವನ್ನು ಹಾಗೇ ಎತ್ತಿ ಬರೆದವು. ನಿರಾಶ್ರಿತರು ಅಂದಾಗ ಓದುಗ ಏನು ಅಂದುಕೊಳ್ಳುತ್ತಾನೆ? ಪಾಪ, ಎಲ್ಲಿಂದಲೋ ಓಡಿಬಂದರು, ಸರ್ಕಾರ ಸಾಕುತ್ತಿದೆ ಅಂತ. ಅವರ ಮನೆ ಸುಟ್ಟವರು ಯಾರು ಅನ್ನೋ ಪ್ರಶ್ನೆ ಆ ಒಂದು ಪದದಲ್ಲೇ ಮುಚ್ಚಿಹೋಯಿತು.

ಸೆರೆ ಸಿಕ್ಕ ಬೋಯರ್ ಗಂಡಸರನ್ನು ಸಮುದ್ರ ದಾಟಿಸಿ ಸೇಂಟ್ ಹೆಲೆನಾ, ಸಿಲೋನ್, ಭಾರತಕ್ಕೆ ಸಾಗಿಸಿದರು. ಭಾರತಕ್ಕೆ ಬಂದವರೇ ಸುಮಾರು 9 ಸಾವಿರ ಮಂದಿ. ಅವರನ್ನು ಇಟ್ಟ ಊರುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಗಂಡ ಬಳ್ಳಾರಿಯ ಬಿಸಿಲಲ್ಲಿ ಕೈದಿ, ಹೆಂಡತಿ ಮಕ್ಕಳು ಆಫ್ರಿಕಾದ ಬಯಲಿನ ಡೇರೆಯಲ್ಲಿ. ಎಷ್ಟೋ ಸಂಸಾರಗಳ ಗತಿ ಹೀಗಾಯಿತು.

ಒಂದು ರೈಲು ಡಬ್ಬಿ ಸಾಮಾನು

ಹೆಂಗಸರು ಮಕ್ಕಳು ಕಷ್ಟದಲ್ಲಿದ್ದಾರೆ ಎಂಬ ಸುದ್ದಿ ಅಲ್ಲಿಲ್ಲಿ ಕಿವಿಗೆ ಬಿದ್ದಾಗ ಎಮಿಲಿ ಪತ್ರಿಕೆ ನೋಡುತ್ತಾ ಕೂರಲಿಲ್ಲ. ನೆರವು ನಿಧಿಯೊಂದನ್ನು ಕಟ್ಟಿ ಚಂದಾ ಎತ್ತಿದರು. 1900ರ ಡಿಸೆಂಬರ್ 7ರಂದು ಹಡಗು ಹತ್ತಿ, 27ಕ್ಕೆ ಕೇಪ್‌ಟೌನಿನಲ್ಲಿ ಇಳಿದರು. ಹೊರಡುವಾಗ ಅವರಿಗೆ ಗೊತ್ತಿದ್ದದ್ದು ಪೋರ್ಟ್ ಎಲಿಜಬೆತ್‌ನ ಒಂದೇ ಒಂದು ಕ್ಯಾಂಪು. ಇಳಿದ ಮೇಲೆ ಗೊತ್ತಾಯಿತು, ಕ್ಯಾಂಪುಗಳು ಎಷ್ಟೋ ಇವೆ ಅಂತ. ಯುದ್ಧ ಶುರುವಾಗಿ ವರ್ಷದ ಮೇಲಾಗಿತ್ತು. ಅಷ್ಟು ಪತ್ರಿಕೆ ಓದಿಕೊಂಡ ಮನೆತನದ ಹೆಣ್ಣುಮಗಳಿಗೇ ಈ ವಿಷಯ ಗೊತ್ತಿರಲಿಲ್ಲ ಅಂದರೆ ಸುದ್ದಿ ಎಷ್ಟು ಬಿಗಿಯಾಗಿ ಮುಚ್ಚಿತ್ತು ನೋಡಿ.

ಗವರ್ನರ್ ಮಿಲ್ನರ್ ಒಪ್ಪಿದರು. ಕಿಚನರ್ ಮಾತ್ರ ಬ್ಲೂಮ್‌ಫಾಂಟೇನ್ ಊರಿನಿಂದ ಮುಂದಕ್ಕೆ ಬಿಡಲಿಲ್ಲ. ಎರಡು ರೈಲು ಡಬ್ಬಿ ಕೇಳಿದ್ದಕ್ಕೆ ಸಿಕ್ಕಿದ್ದು ಒಂದು. ಅದರಲ್ಲಿ ಸುಮಾರು 12 ಟನ್ ದಿನಸಿ, ಬಟ್ಟೆ, ಔಷಧಿ ತುಂಬಿಕೊಂಡು 1901ರ ಜನವರಿ 24ರಂದು ಬ್ಲೂಮ್‌ಫಾಂಟೇನ್ ತಲುಪಿದರು.

ಅಲ್ಲಿ ಕಂಡದ್ದು ಗುಡ್ಡದ ಬದಿಯ ಬಟ್ಟಬಯಲಿನಲ್ಲಿ ಡೇರೆಗಳ ಸಾಲು. ನೆರಳಿಗೆ ಒಂದು ಮರ ಇಲ್ಲ. ಸುಮಾರು 2 ಸಾವಿರ ಜನ, ಅದರಲ್ಲಿ ಅರ್ಧದಷ್ಟು ಮಕ್ಕಳು. ಒಂದೊಂದು ಡೇರೆಯಲ್ಲಿ ಹತ್ತಾರು ಜನ. ಹಗಲು ಕಾದ ಬಟ್ಟೆಯ ಬೇಗೆ, ಮಳೆ ಬಂದರೆ ಒಳಗೆಲ್ಲ ನೀರು. ಕುಡಿಯೋಕೆ ಮೋಡರ್ ನದಿಯ ನೀರು. ಕುದಿಸೋಣ ಅಂದರೆ ಸೌದೆ ಇಲ್ಲ. ಟೈಫಾಯ್ಡ್, ಭೇದಿ, ದಡಾರ ಡೇರೆಯಿಂದ ಡೇರೆಗೆ ಹಬ್ಬುತ್ತಿತ್ತು.

ರೇಷನ್ ಲೆಕ್ಕ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ದಿನಕ್ಕೆ ಒಬ್ಬರಿಗೆ ಎಲುಬು ಸೇರಿ ಅರ್ಧ ಪೌಂಡ್ ಮಾಂಸ, ಮುಕ್ಕಾಲು ಪೌಂಡ್ ಹಿಟ್ಟು, ಸ್ವಲ್ಪ ಕಾಫಿ, ಸಕ್ಕರೆ, ಉಪ್ಪು. ಹಾಲು ಅಂದರೆ ಒಂದು ಡಬ್ಬಿ ಗಟ್ಟಿ ಹಾಲಿಗೆ 12 ಜನ. ತರಕಾರಿ ಇಲ್ಲ. ಇದು ಕಾಗದದ ಮೇಲಿನ ಲೆಕ್ಕ, ಕೈಗೆ ಬರುವಾಗ ಇದಕ್ಕಿಂತ ಕಡಿಮೆ. ಮೊದಮೊದಲು ಇನ್ನೂ ಒಂದು ತಾರತಮ್ಯ ಇತ್ತು. ಯಾವ ಮನೆಯ ಗಂಡಸು ಇನ್ನೂ ಯುದ್ಧ ಮಾಡುತ್ತಿದ್ದಾನೋ ಆ ಮನೆಯ ಹೆಂಡತಿ ಮಕ್ಕಳಿಗೆ ರೇಷನ್ ಕಡಿತ. ಅಪ್ಪ ಬಂದೂಕು ಹಿಡಿದರೆ ಕೂಸಿನ ತಟ್ಟೆಗೆ ಕತ್ತರಿ.

ಎಮಿಲಿ ಮೊದಲು ಕೇಳಿದ್ದು ಸೋಪು. ರೇಷನ್ ಪಟ್ಟಿಯಲ್ಲಿ ಸೋಪೇ ಇರಲಿಲ್ಲ. ಸೋಪು ಐಷಾರಾಮಿ ವಸ್ತು ಅನ್ನೋದು ಅಧಿಕಾರಿಗಳ ಉತ್ತರ. ಭೇದಿ ಹಬ್ಬಿದ ಕ್ಯಾಂಪಿನಲ್ಲಿ ಸೋಪು ಐಷಾರಾಮಿ! ಎಮಿಲಿ ಬಿಡಲಿಲ್ಲ, ಮೇಲಿಂದ ಮೇಲೆ ಪಟ್ಟು ಹಿಡಿದು ಅದನ್ನು ಕೊಡಿಸಿದರು. ನೀರು ಕುದಿಸಲು ಬಾಯ್ಲರ್ ಕೇಳಿದರು, ಸೌದೆ ಕೇಳಿದರು, ಮಲಗಲು ಚಾಪೆ ಹಾಸಿಗೆ ಕೇಳಿದರು. ಯುದ್ಧ ನಿಲ್ಲಿಸಿ ಅಂತ ಅಲ್ಲಿ ಯಾರ ಬಳಿಯೂ ವಾದ ಮಾಡಲಿಲ್ಲ. ಕೇಳಿದ್ದೆಲ್ಲ ಮನೆ ನಡೆಸುವ ಹೆಂಗಸು ಕೇಳುವ ಸಾಮಾನು.

ಸ್ಪ್ರಿಂಗ್‌ಫಾಂಟೇನ್, ನಾರ್ವಲ್ಸ್‌ಪಾಂಟ್, ಆಲಿವಾಲ್ ನಾರ್ತ್, ಕಿಂಬರ್ಲಿ, ಮಾಫೆಕಿಂಗ್ ಕ್ಯಾಂಪುಗಳನ್ನೂ ಸುತ್ತಿ ವಾಪಸ್ ಬ್ಲೂಮ್‌ಫಾಂಟೇನಿಗೆ ಬಂದಾಗ ಅಲ್ಲಿನ ಜನಸಂಖ್ಯೆ ದುಪ್ಪಟ್ಟಾಗಿತ್ತು. ಒಬ್ಬರಿಗೆ ಸೋಪು ಕೊಡಿಸುವಷ್ಟರಲ್ಲಿ ಹತ್ತು ಜನ ಹೊಸದಾಗಿ ಬಂದು ಬೀಳುತ್ತಿದ್ದರು. ಇಲ್ಲಿ ಕೂತು ಹಂಚುವುದರಿಂದ ಇದು ಮುಗಿಯುವ ಕೆಲಸ ಅಲ್ಲ, ಲಂಡನ್ನಿಗೆ ಹೋಗಿ ಹೇಳಬೇಕು ಎಂದು ಎಮಿಲಿ ತೀರ್ಮಾನಿಸಿದರು.

ಒಂದು ಫೋಟೊದ ಕಥೆ

ಬ್ಲೂಮ್‌ಫಾಂಟೇನ್ ಕ್ಯಾಂಪಿನಲ್ಲಿ ಲಿಜ್ಜಿ ವಾನ್ ಜಿಲ್ ಎಂಬ ಪುಟ್ಟ ಹುಡುಗಿ ಇದ್ದಳು. ವಯಸ್ಸು ಏಳು. ಅಪ್ಪ ಶರಣಾಗದ ಕಾರಣ ಆ ಸಂಸಾರಕ್ಕೆ ಕಡಿಮೆ ರೇಷನ್. ಮೂಳೆಗೆ ಚರ್ಮ ಅಂಟಿದಂತಿದ್ದ ಈ ಮಗುವನ್ನು ಎಮಿಲಿ ಕಣ್ಣಾರೆ ಕಂಡು ಆರೈಕೆ ಮಾಡಿದ್ದರು. 1901ರ ಮೇ ತಿಂಗಳಲ್ಲಿ ಲಿಜ್ಜಿ ತೀರಿಕೊಂಡಳು.

ಆಕೆಯ ಒಂದು ಫೋಟೊ ಉಳಿಯಿತು. ಯುದ್ಧದ ಪರ ಇದ್ದವರು ಆ ಫೋಟೊವನ್ನೇ ತಿರುಗಿಸಿ ಬಳಸಿದರು. ನೋಡಿ, ಬೋಯರ್ ತಾಯಂದಿರು ಮಕ್ಕಳನ್ನು ಹೇಗೆ ಉಪವಾಸ ಕೆಡವುತ್ತಾರೆ ಅಂತ ಪ್ರಚಾರ. ಷರ್ಲಾಕ್ ಹೋಮ್ಸ್ ಕಥೆ ಬರೆದ ಆರ್ಥರ್ ಕಾನನ್ ಡಾಯ್ಲ್ 1902ರಲ್ಲಿ ಸೇನೆಯನ್ನು ಸಮರ್ಥಿಸಿ ಒಂದು ಕಿರುಪುಸ್ತಕ ಹೊರತಂದರು. ಅದರಲ್ಲಿ ಇಂಥ ಫೋಟೊ ತಾಯಿಯ ಮೇಲೆ ಕೇಸು ನಡೆಸಲು ಅಧಿಕಾರಿಗಳೇ ತೆಗೆಸಿದ್ದು ಎಂಬ ಮಾತೂ ಸೇರಿತ್ತು. ಎಮಿಲಿ ವಿಚಾರಿಸಿದಾಗ ಅಂಥ ಕೇಸಿನ ಸುಳಿವೇ ಸಿಗಲಿಲ್ಲ. ಕಥೆಯಲ್ಲಿ ಕೂದಲೆಳೆಯ ಸಾಕ್ಷಿಯನ್ನೂ ಬಿಡದ ಪತ್ತೇದಾರನನ್ನು ಸೃಷ್ಟಿಸಿದ ಲೇಖಕ, ಸರ್ಕಾರದ ಕಡೆಯ ಮಾತನ್ನು ಪರೀಕ್ಷಿಸದೆ ಅಚ್ಚು ಹಾಕಿಸಿದರು. ಅದೇ ವರ್ಷ ಅವರಿಗೆ ಸರ್ ಪದವಿ ಬಂತು.

ಒಂದೇ ಹಡಗು, ಎರಡು ಸ್ವಾಗತ

1901ರ ಮೇ ತಿಂಗಳಲ್ಲಿ ಎಮಿಲಿ ಲಂಡನ್ನಿಗೆ ಹೊರಟ ಹಡಗಿನಲ್ಲೇ ಗವರ್ನರ್ ಮಿಲ್ನರ್ ಕೂಡ ಇದ್ದರು. ಇಳಿದ ಮೇಲೆ ಮಿಲ್ನರ್ ಅವರಿಗೆ ರಾಜಮರ್ಯಾದೆಯ ಸ್ವಾಗತ, ಲಾರ್ಡ್ ಪದವಿ. ಎಮಿಲಿಗೆ ಸಚಿವರ ಅಪಾಯಿಂಟ್‌ಮೆಂಟಿಗೆ ಕಾಯುವ ಪಾಳಿ.

ಯುದ್ಧ ಸಚಿವ ಬ್ರಾಡ್ರಿಕ್ ಅವರನ್ನು ಭೇಟಿಯಾಗಿ ಏನೇನು ಸುಧಾರಣೆ ಆಗಬೇಕು ಅನ್ನೋ ಪಟ್ಟಿ ಕೊಟ್ಟರು. ಜೂನ್‌ನಲ್ಲಿ ಅವರ ವರದಿ ಅಚ್ಚಾಯಿತು. ಬೈಗುಳ ಇಲ್ಲ, ಅಳು ಇಲ್ಲ. ಯಾವ ಕ್ಯಾಂಪಿನಲ್ಲಿ ಎಷ್ಟು ಜನ, ಎಷ್ಟು ನೀರು, ಎಷ್ಟು ರೇಷನ್, ಎಷ್ಟು ಸಾವು, ಏನು ಮಾಡಬೇಕು ಎಂಬ ವಿವರ. ವಿರೋಧ ಪಕ್ಷದ ನಾಯಕ ಕ್ಯಾಂಪ್‌ಬೆಲ್ ಬ್ಯಾನರ್‌ಮನ್ ಎರಡು ಗಂಟೆಯಷ್ಟು ಹೊತ್ತು ಕೂತು ಆಕೆಯ ಮಾತು ಕೇಳಿದರು. ಮರುದಿನವೇ, ಜೂನ್ 14ರಂದು, ಸೇನೆಯ ವಿಧಾನ ಅನಾಗರಿಕ ಎಂದು ಬಹಿರಂಗವಾಗಿ ಖಂಡಿಸಿದರು. 17ರಂದು ಲಾಯ್ಡ್ ಜಾರ್ಜ್ ಪಾರ್ಲಿಮೆಂಟಿನಲ್ಲಿ ವಿಷಯ ಎತ್ತಿದರು. ಸರ್ಕಾರಕ್ಕೆ ಬಹುಮತ ಇತ್ತು, ಚರ್ಚೆ ಬಿದ್ದುಹೋಯಿತು. ಆದರೂ ಸಾವಿನ ಅಂಕಿ ಕೊಡದೆ ತಪ್ಪಿಸಿಕೊಳ್ಳುವುದು ಇನ್ನು ಸಾಧ್ಯವಿರಲಿಲ್ಲ.

ಈಗ ಪತ್ರಿಕೆಗಳು ಏನು ಮಾಡಬೇಕಿತ್ತು? ವರದಿ ಸುಳ್ಳು ಅನಿಸಿದರೆ ತಮ್ಮದೊಬ್ಬ ವರದಿಗಾರನನ್ನು ಕ್ಯಾಂಪಿಗೆ ಕಳಿಸಬಹುದಿತ್ತು. ಬಹುತೇಕ ಪತ್ರಿಕೆಗಳು ಅದರ ಬದಲು ಎಮಿಲಿಯ ಬೆನ್ನು ಹತ್ತಿದವು. ಮದುವೆಯಾಗದ ಹೆಂಗಸು, ಭಾವುಕಳು, ತಲೆ ಕೆಟ್ಟವಳು, ಶತ್ರುವಿನ ಪರ, ದೇಶದ್ರೋಹಿ. ವರದಿಯ ಅಂಕಿಗೆ ಉತ್ತರ ಇಲ್ಲ, ಬರೆದವಳ ಚಾರಿತ್ರ್ಯಕ್ಕೆ ನೂರು ಪ್ರಶ್ನೆ. ಸಭೆ ನಡೆಸಲು ಹೋದರೆ ಹಾಲ್ ಕೊಡಲಿಲ್ಲ. ಕೊಟ್ಟ ಕಡೆ ಗಲಾಟೆ. ಆದರೂ ಆಕೆ ಊರೂರು ತಿರುಗಿ ಮಾತಾಡಿದರು. ಮ್ಯಾಂಚೆಸ್ಟರ್ ಗಾರ್ಡಿಯನ್ ಮತ್ತು ಆ ವರ್ಷವಷ್ಟೇ ಮಾಲೀಕತ್ವ ಬದಲಾಗಿ ಯುದ್ಧ ವಿರೋಧಿಯಾಗಿದ್ದ ಡೈಲಿ ನ್ಯೂಸ್ ಪತ್ರಿಕೆಗಳು ಇಲ್ಲದಿದ್ದರೆ ಆಕೆಯ ದನಿ ಆ ಹಾಲ್‌ಗಳ ಗೋಡೆ ದಾಟುತ್ತಿರಲಿಲ್ಲ.

ಸರ್ಕಾರ ಕೊನೆಗೆ ತನಿಖೆಗೆ ಮಹಿಳೆಯರ ಆಯೋಗ ನೇಮಿಸಿತು. ಅಧ್ಯಕ್ಷೆ ಮಿಲಿಸೆಂಟ್ ಫಾಸೆಟ್. ಅವರು ಯುದ್ಧದ ಪರ ಇದ್ದವರು. ವಿಷಯ ಎತ್ತಿದ ಎಮಿಲಿಗೆ ಅದರಲ್ಲಿ ಜಾಗ ಇಲ್ಲ. ಆದರೆ ಆ ಆಯೋಗವೇ ಕ್ಯಾಂಪುಗಳನ್ನು ಸುತ್ತಿ ಬಂದು ಎಮಿಲಿ ಹೇಳಿದ್ದರಲ್ಲಿ ಬಹುಪಾಲು ಸರಿ ಎಂದು ತೋರಿಸಿಕೊಟ್ಟಿತು. ಕೆಲವು ಕಡೆ ಅವರ ಶಿಫಾರಸು ಎಮಿಲಿಯದ್ದಕ್ಕಿಂತ ಕಟುವಾಗಿತ್ತು.

ಆದರೆ ಕಾಲ ಕಾಯುತ್ತದೆಯೇ? ಎಮಿಲಿಯ ವರದಿ ಬಂದದ್ದು ಜೂನ್‌ನಲ್ಲಿ. ಅಕ್ಟೋಬರ್ ಹೊತ್ತಿಗೆ ಕ್ಯಾಂಪುಗಳ ಸಾವಿನ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 344ರ ಲೆಕ್ಕಕ್ಕೆ ಏರಿತ್ತು. ಅಂದರೆ ಅದೇ ವೇಗದಲ್ಲಿ ಹೋದರೆ ವರ್ಷದೊಳಗೆ ಮೂವರಲ್ಲಿ ಒಬ್ಬರು ಇರುವುದಿಲ್ಲ. ನವೆಂಬರಿನಲ್ಲಿ ಕ್ಯಾಂಪುಗಳನ್ನು ಸೇನೆಯಿಂದ ನಾಗರಿಕ ಆಡಳಿತಕ್ಕೆ ವರ್ಗಾಯಿಸುವ ಕೆಲಸ ಶುರುವಾಯಿತು. ನೀರು, ಆಹಾರ, ಆಸ್ಪತ್ರೆ ಸುಧಾರಿಸಿತು. 1902ರ ಫೆಬ್ರವರಿಗೆ ಆ ಪ್ರಮಾಣ ಸಾವಿರಕ್ಕೆ 69ಕ್ಕೆ ಇಳಿಯಿತು, ಮುಂದೆ ಇನ್ನೂ ಕೆಳಗೆ ಬಂತು. ಅದೇ ಡೇರೆ, ಅದೇ ಜನ, ಅದೇ ಯುದ್ಧ. ಅಂದಮೇಲೆ ಈ ಸಾವು ತಡೆಯಬಹುದಾಗಿದ್ದ ಸಾವು ಅಂತ ಆಯಿತಲ್ಲ. ಪತ್ರಿಕೆಗಳು ಆರು ತಿಂಗಳು ಮೊದಲು ಪ್ರಶ್ನೆ ಎತ್ತಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದವು? ಲೆಕ್ಕ ಹಾಕುತ್ತಾ ಹೋದರೆ ಸಂಕಟ ಆಗುತ್ತದೆ.

ಶಾಲಿನಲ್ಲಿ ಕಟ್ಟಿ ಹಡಗಿಗೆ

1901ರ ಅಕ್ಟೋಬರ್ 27ರಂದು ಎಮಿಲಿ ಮತ್ತೆ ಕೇಪ್‌ಟೌನಿಗೆ ಬಂದರು. ಈ ಸಲ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಮಿಲಿಟರಿ ಕಾನೂನು ಜಾರಿಯಲ್ಲಿತ್ತು, ಕಾರಣ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಕೆಲವು ದಿನ ಹಡಗಿನಲ್ಲೇ ಕೂರಿಸಿ, ನಂತರ ಸೈನಿಕರನ್ನು ಸಾಗಿಸುವ ಇನ್ನೊಂದು ಹಡಗಿಗೆ ಹೋಗಲು ಹೇಳಿದರು. ಆಕೆ ಒಪ್ಪಲಿಲ್ಲ. ಕಾಯಿಲೆ ಮೈ ಬೇರೆ. ಕೊನೆಗೆ ಅವರದೇ ಶಾಲಿನಲ್ಲಿ ಬಿಗಿದು ಎತ್ತಿಕೊಂಡು ಹೋಗಿ ವಾಪಸ್ ಕಳಿಸಿದರು.

ಊರಿಗೆ ಬಂದ ಮೇಲೆ ಎಮಿಲಿ ಯುದ್ಧದ ಪೆಟ್ಟು ಯಾರ ಮೇಲೆ ಬಿತ್ತು ಅನ್ನೋದರ ಬಗ್ಗೆ ಒಂದು ಪುಸ್ತಕ ಬರೆದರು. ಅದು 1902ರಲ್ಲಿ ಹೊರಬಂತು. ಅದೇ ವರ್ಷ ಮೇ 31ರಂದು ಯುದ್ಧ ಮುಗಿಯಿತು.

ಯುದ್ಧದ ನಂತರ ಎಣಿಸಿದ ಲೆಕ್ಕದಲ್ಲಿ ಕ್ಯಾಂಪುಗಳಲ್ಲಿ ಸತ್ತ ಬೋಯರ್ ಜನ 27,927. ಅದರಲ್ಲಿ 16 ವರ್ಷದ ಒಳಗಿನ ಮಕ್ಕಳೇ 22,074. ರಣರಂಗದಲ್ಲಿ ಸತ್ತ ಬೋಯರ್ ಗಂಡಸರಿಗಿಂತ ಕ್ಯಾಂಪಿನಲ್ಲಿ ಸತ್ತ ಹೆಂಗಸರು ಮಕ್ಕಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚು.

ಯಾರೂ ಎಣಿಸದ ಸಾವುಗಳು

ಇನ್ನೊಂದು ಮಾತು ಹೇಳದೆ ಬಿಟ್ಟರೆ ಈ ಬರಹವೂ ಅರ್ಧ ಸತ್ಯವಾದೀತು. ಬೋಯರ್ ತೋಟಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರನ್ನೂ ಸೇನೆ ಹಿಡಿದು ಬೇರೆ ಕ್ಯಾಂಪುಗಳಲ್ಲಿ ಹಾಕಿತ್ತು. ಯುದ್ಧದ ಕೊನೆಗೆ ಅಲ್ಲಿದ್ದವರು ಒಂದು ಲಕ್ಷಕ್ಕೂ ಹೆಚ್ಚು. ದಾಖಲೆಗೆ ಸಿಕ್ಕ ಸಾವುಗಳೇ 14 ಸಾವಿರ ಮೀರುತ್ತವೆ. ನಿಜವಾದ ಸಂಖ್ಯೆ 20 ಸಾವಿರಕ್ಕೂ ಹೆಚ್ಚಿರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ.

ಎಮಿಲಿ ತಮ್ಮ ವರದಿಯಲ್ಲಿ ಈ ಕ್ಯಾಂಪುಗಳ ಬಗ್ಗೆ ಪ್ರಸ್ತಾಪ ಮಾಡಿ ಯಾರಾದರೂ ಹೋಗಿ ನೋಡಬೇಕು ಎಂದಿದ್ದರು. ತಾವೇ ಹೋಗಿ ವಿವರವಾಗಿ ನೋಡಲಿಲ್ಲ. ಫಾಸೆಟ್ ಆಯೋಗವೂ ಆ ಕಡೆ ಹೆಜ್ಜೆ ಇಡಲಿಲ್ಲ. ಯುದ್ಧದ ಪರ ಇದ್ದ ಪತ್ರಿಕೆಯೂ ಬರೆಯಲಿಲ್ಲ, ವಿರೋಧಿಸಿದ ಪತ್ರಿಕೆಗೂ ಅದು ದೊಡ್ಡ ಸುದ್ದಿಯಾಗಲಿಲ್ಲ. ಬೋಯರ್ ಮಕ್ಕಳಿಗೆ ಒಬ್ಬ ಎಮಿಲಿ ಸಿಕ್ಕಳು, ಕಪ್ಪು ಮಕ್ಕಳಿಗೆ ಅವಳೂ ಸಿಗಲಿಲ್ಲ. ಈ ಕೊರತೆ ಎಮಿಲಿಯ ಮನಸ್ಸಿನಲ್ಲಿ ಉಳಿದಿತ್ತು ಅನ್ನೋದಕ್ಕೆ ಮುಂದಿನ ಘಟನೆ ಸಾಕ್ಷಿ.

1913ರ ಡಿಸೆಂಬರ್ 16ರಂದು ಬ್ಲೂಮ್‌ಫಾಂಟೇನಿನಲ್ಲಿ ಸತ್ತ ಹೆಂಗಸರು ಮಕ್ಕಳ ಸ್ಮಾರಕ ಉದ್ಘಾಟನೆಗೆ ಎಮಿಲಿಯನ್ನೇ ಕರೆದರು. ಹೃದಯದ ಕಾಯಿಲೆಯಿಂದ ದಾರಿಯಲ್ಲೇ ನಿಲ್ಲಬೇಕಾಯಿತು. ಬರೆದಿದ್ದ ಭಾಷಣವನ್ನು ಬೇರೆಯವರು ಓದಿದರು. ಅದರಲ್ಲಿ ಅವರು ಬೋಯರ್ ಜನಕ್ಕೆ ಎರಡು ವಿಷಯ ನೆನಪಿಸಿದ್ದರು. ಸೇಡು ಬಿಡಿ ಅನ್ನೋದು ಒಂದು. ತಮ್ಮದಲ್ಲದ ಜಗಳದಲ್ಲಿ ಸತ್ತ ಸಾವಿರಾರು ಕಪ್ಪು ಜನರನ್ನೂ ನೆನೆಯುವುದು ನ್ಯಾಯ ಅನ್ನೋದು ಇನ್ನೊಂದು. ಚಪ್ಪಾಳೆ ಹೊಡೆಸಿಕೊಳ್ಳುವ ಜಾಗದಲ್ಲೂ ಕೇಳುಗರಿಗೆ ಇಷ್ಟವಾಗದ ಮಾತು ಹೇಳಿದ ಎದೆಗಾರಿಕೆ ಅದು.

ಚರಕ, ಮಗ್ಗ ಮತ್ತು ಗಾಂಧೀಜಿ

ಯುದ್ಧ ಮುಗಿದ ಮೇಲೆ ಎಮಿಲಿ ದಕ್ಷಿಣ ಆಫ್ರಿಕಾಕ್ಕೆ ಮತ್ತೆ ಹೋಗಿ, ಮನೆಮಠ ಕಳೆದುಕೊಂಡ ಹೆಣ್ಣುಮಕ್ಕಳಿಗಾಗಿ 1905ರಲ್ಲಿ ಫಿಲಿಪೊಲಿಸ್ ಊರಿನಲ್ಲಿ ನೂಲುವ, ನೇಯುವ ಶಾಲೆ ತೆರೆದಿದ್ದರು. ಒಂದು ಶಾಲೆ ಹೋಗಿ ಹಲವಾರು ಆದವು. ಗಾಂಧೀಜಿ ಭಾರತದಲ್ಲಿ ಚರಕ ಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು.

1913-14ರಲ್ಲಿ ದಕ್ಷಿಣ ಆಫ್ರಿಕಾದ ಭಾರತೀಯರ ಸತ್ಯಾಗ್ರಹ ಜೋರಾಗಿ ನಡೆದಿತ್ತು. ಆಗ ಅಧಿಕಾರದಲ್ಲಿದ್ದ ಬೋಥಾ, ಸ್ಮಟ್ಸ್ ಇಬ್ಬರೂ ಹಳೆಯ ಬೋಯರ್ ಸೇನಾನಿಗಳು. ಎಮಿಲಿ ಮಾತಿಗೆ ಅವರ ಬಳಿ ತೂಕ ಇತ್ತು. ಕಾಯಿಲೆಯಿಂದ ಅಲ್ಲೇ ಉಳಿದಿದ್ದ ಎಮಿಲಿ ಭಾರತೀಯರ ಪರವಾಗಿ ಸ್ಮಟ್ಸ್ ಅವರಿಗೆ ಬರೆದರು, ಗಾಂಧೀಜಿ ಮತ್ತು ಕಸ್ತೂರ್‌ಬಾ ಅವರನ್ನು ಬೋಥಾ ಕುಟುಂಬಕ್ಕೆ ಪರಿಚಯ ಮಾಡಿಸಿದರು. 1914ರ ಗಾಂಧಿ–ಸ್ಮಟ್ಸ್ ಒಪ್ಪಂದದ ಹಿಂದೆ ತೆರೆಮರೆಯಲ್ಲಿ ಕೆಲಸ ಮಾಡಿದ ಕೈಗಳಲ್ಲಿ ಈಕೆಯದೂ ಒಂದು. ಗಾಂಧೀಜಿ ಇದನ್ನು ಮರೆಯಲಿಲ್ಲ. ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಕುರಿತ ತಮ್ಮ ಪುಸ್ತಕದಲ್ಲಿ ಆಕೆಯನ್ನು ನೆನೆದರು. ಆಕೆ ತೀರಿಕೊಂಡಾಗ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು.

ಮತ್ತೊಂದು ಯುದ್ಧ, ಅದೇ ಪಟ್ಟ

1914ರಲ್ಲಿ ಮೊದಲ ಮಹಾಯುದ್ಧ ಬಂತು. ಎಮಿಲಿ ಜರ್ಮನಿ, ಆಸ್ಟ್ರಿಯಾದ ಹೆಂಗಸರಿಗೆ ಶಾಂತಿ ಕೋರಿ ಒಂದು ಕ್ರಿಸ್‌ಮಸ್ ಬಹಿರಂಗ ಪತ್ರ ಬರೆದರು. 101 ಬ್ರಿಟಿಷ್ ಮಹಿಳೆಯರು ಸಹಿ ಹಾಕಿದರು. 1916ರಲ್ಲಿ ಜರ್ಮನ್ ಹಿಡಿತದಲ್ಲಿದ್ದ ಬೆಲ್ಜಿಯಂಗೂ ಬರ್ಲಿನ್ನಿಗೂ ಹೋಗಿ, ಜರ್ಮನ್ ವಿದೇಶಾಂಗ ಸಚಿವರನ್ನು ಕಂಡು, ಬ್ರಿಟಿಷ್ ನಾಗರಿಕರನ್ನು ಕೂಡಿಹಾಕಿದ್ದ ರುಹ್ಲೆಬೆನ್ ಶಿಬಿರವನ್ನೂ ನೋಡಿ ಬಂದರು. ಶಾಂತಿ ಮಾತುಕತೆಗೆ ದಾರಿ ಇದೆಯೇ ಎಂಬ ಹುಡುಕಾಟ ಅದು. ಇಂಗ್ಲೆಂಡಿಗೆ ಬಂದಾಗ ಮಾತು ಕೇಳುವವರಿಲ್ಲ, ಬೈಯುವವರು ಸಾಲುಸಾಲು. ಶತ್ರು ದೇಶಕ್ಕೆ ಹೋಗಿಬಂದವಳು ಎಂದು ಪತ್ರಿಕೆಗಳು ಬರೆದವು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಆಕೆ ತಂದ ವಿಷಯ ಏನು ಅನ್ನೋದು ಮತ್ತೆ ಹಿಂದೆ ಸರಿಯಿತು.

ಆ ಯುದ್ಧ ಮುಗಿದ ಮೇಲೆ ಎಮಿಲಿ ಸೋತ ದೇಶದ ಲೈಪ್ಜಿಗ್ ನಗರದಲ್ಲಿ ಹಸಿದ ಶಾಲಾ ಮಕ್ಕಳಿಗೆ ಊಟ ಹಾಕುವ ಕೆಲಸಕ್ಕೆ ನಿಂತರು. ಯುದ್ಧ ಯಾರದ್ದೇ ಇರಲಿ, ಹೊಟ್ಟೆ ಮಕ್ಕಳದ್ದು.

ಕೊನೆಗಾಲದಲ್ಲಿ ಕೈಯಲ್ಲಿ ಕಾಸಿರಲಿಲ್ಲ. 1921ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಹೆಂಗಸರು ಪುಡಿಗಾಸು ಕೂಡಿಸಿ 2,300 ಪೌಂಡ್ ಕಳಿಸಿದರು, ಒಂದು ಸ್ವಂತ ಮನೆ ಮಾಡಿಕೊಳ್ಳಿ ಅಂತ. ಕಾರ್ನ್‌ವಾಲಿನ ಸೇಂಟ್ ಐವ್ಸ್‌ನಲ್ಲಿ ಸಮುದ್ರದ ಬಳಿ ಆ ಮನೆ ಬಂತು.

1926ರ ಜೂನ್ 8ರಂದು ಎಮಿಲಿ ಲಂಡನ್ನಿನಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಹಡಗಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಒಯ್ದು, ಅದೇ ಅಕ್ಟೋಬರಿನಲ್ಲಿ ಬ್ಲೂಮ್‌ಫಾಂಟೇನಿನ ಮಹಿಳಾ ಸ್ಮಾರಕದ ಬುಡದಲ್ಲಿ ಸಾವಿರಾರು ಜನರ ಮುಂದೆ ಇಟ್ಟರು. ಅಲ್ಲಿನ ಒಂದು ಪಟ್ಟಣಕ್ಕೆ ಇವತ್ತಿಗೂ ಹಾಬ್‌ಹೌಸ್ ಎಂದೇ ಹೆಸರು.

ಮತ್ತೆ ಆಕೆ ಹುಟ್ಟಿ ಬೆಳೆದ ಕಾರ್ನ್‌ವಾಲ್? ಅಲ್ಲಿನ ಸ್ಥಳೀಯ ಪತ್ರಿಕೆಗಳಲ್ಲಿ ಎಮಿಲಿ ಸತ್ತ ಸುದ್ದಿಯೇ ಬರಲಿಲ್ಲ. ಊರಿನ ಜಾತ್ರೆ, ಸಂತೆ ಧಾರಣೆ, ಮಳೆ ಬೆಳೆಯ ಸುದ್ದಿಗೆ ಜಾಗ ಇಡುವ ಪತ್ರಿಕೆಗಳಿಗೆ ಊರಿನ ಮಗಳ ಸಾವು ಕಾಣಲಿಲ್ಲ.

ಪ್ರೆಸ್ ನೋಟ್ ಬಂದರೆ ಸುದ್ದಿ, ಬಾರದಿದ್ದರೆ ಸುದ್ದಿಯಿಲ್ಲ ಎಂಬ ರೂಢಿ ದೊಡ್ಡ ಊರಿನ ಪತ್ರಿಕೆಗಳಿಗೆ ಮಾತ್ರ ಅಂಟಿದ್ದಲ್ಲ, ತಾಲ್ಲೂಕು ಮಟ್ಟಕ್ಕೂ ಅಂಟುತ್ತದೆ. ಓದುಗರಾದ ನಿಮ್ಮ ಪಾಲೂ ಇದರಲ್ಲಿದೆ. ಎಮಿಲಿಯಂಥವರು ಎಲ್ಲ ಊರಲ್ಲೂ ಹುಟ್ಟುವುದಿಲ್ಲ. ಆದರೆ ಸರ್ಕಾರ ಒಂದು ಪದ ಕೊಟ್ಟಾಗ ಅದರ ಹಿಂದೆ ಏನಿದೆ ಅಂತ ಕೇಳಬಹುದು. ಕೇಳಿದವರ ಜಾತಕ ಬಿಡಿಸುವ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂತ ನೋಡಬಹುದು. ಅಷ್ಟು ಮಾಡಲು ಹಡಗು ಹತ್ತಬೇಕಿಲ್ಲ.